ದುಬಾರಿ ನಾಣ್ಯ ಕೊಳ್ಳಲೋ ಬೇಡವೋ? 1939ರ ರೂಪಾಯಿ ಹಿಡಿದು ನೋಡುವ ಬಗೆ

ಬೆಂಗಳೂರಿನ ಒಂದು ನಾಣ್ಯ ಪ್ರದರ್ಶನದಲ್ಲಿ ಒಬ್ಬ ಹುಡುಗ ನನ್ನ ಹತ್ತಿರ ಬಂದ. ಕೈಯಲ್ಲಿ 1939ರ ಬೆಳ್ಳಿ ರೂಪಾಯಿ. ಅರ್ಧ ಗಂಟೆ ಮುಂಚೆ, ಎರಡು ತಿಂಗಳ ಸಂಬಳ ಕೊಟ್ಟು ಕೊಂಡಿದ್ದ. "ಸರ್, ಒಂದ್ಸಲ ನೋಡಿ ಹೇಳಿ" ಅಂದ. ಲೂಪ್ (ಕಣ್ಣಿಗೆ ಹಿಡಿಯುವ ಪುಟ್ಟ ಭೂತಗನ್ನಡಿ) ಇಟ್ಟು ನೋಡಿದೆ. ಆ ಇಸವಿಯಲ್ಲಿ ಎರಡು ಒಂಬತ್ತು ಇವೆಯಲ್ಲ, ಅವು ಒಂದೇ ತರ ಇರಲಿಲ್ಲ. ಮೊದಲನೆಯದು ಟಂಕಸಾಲೆಯ ಒಂಬತ್ತು. ಕೊನೆಯದು ಯಾರೋ 1938ರ ಎಂಟನ್ನು ಕೆರೆದು ಮಾಡಿದ್ದು. ಬಿಲ್ ಕೇಳಿದೆ. ಇರಲಿಲ್ಲ. ಇಬ್ಬರೂ ಓಡಿಹೋಗಿ ನೋಡಿದರೆ ಮಾರಿದವನೂ ಇರಲಿಲ್ಲ.

ಇಂಥದ್ದನ್ನು ಬಹಳ ಸಲ ನೋಡಿದ್ದೇನೆ. ಪ್ರತಿ ಸಲವೂ ಹೊಟ್ಟೆ ಉರಿಯುತ್ತದೆ. ಹಾಗಾಗಿ ದೊಡ್ಡ ಮೊತ್ತದ ನಾಣ್ಯ ಕೊಳ್ಳುವ ಮೊದಲು ನಾನು ಏನೇನು ನೋಡುತ್ತೇನೆ ಎನ್ನುವುದನ್ನು ಒಂದೊಂದಾಗಿ ಬರೆಯುತ್ತಿದ್ದೇನೆ. ಉದಾಹರಣೆಗೆ ಅದೇ 1939ರ ರೂಪಾಯಿ ಇರಲಿ. ಆರನೇ ಜಾರ್ಜ್ ದೊರೆಯ ತಲೆ ಇರುವ, ಮುಂಬೈ ಟಂಕಸಾಲೆಯ ನಾಣ್ಯ ಅದು. ತೂಕ 11.66 ಗ್ರಾಂ, ಬೆಳ್ಳಿ ಶೇಕಡ 91.7. 1940ರಲ್ಲಿ ಯುದ್ಧದ ಕಾಲಕ್ಕೆ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. ಹಾಗಾಗಿ ಹಳೆಯ ಅಳತೆಯ ಬೆಳ್ಳಿ ಇರುವ ಕೊನೆಯ ರೂಪಾಯಿ ಇದೇ. 1938ರದ್ದು ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. 1939ರದ್ದು ತೀರಾ ಅಪರೂಪ. ಎರಡರ ಬೆಲೆಗೂ ಹತ್ತಾರು ಪಟ್ಟು ಅಂತರ. ಆ ಅಂತರವೇ ಮೋಸಗಾರರಿಗೆ ದಾರಿ.

ಹೆಜ್ಜೆ 1: ಇದು ನಿಮ್ಮ ಸಂಗ್ರಹದ ನಾಣ್ಯವೇ?

ಆರನೇ ಜಾರ್ಜ್ ರೂಪಾಯಿಗಳ ಸಾಲು ಜೋಡಿಸುತ್ತಿದ್ದೀರಿ, 1939 ಒಂದೇ ಬಾಕಿ ಇದೆ. ಸರಿ, ಮುಂದೆ ಓದಿ. "ಮುಂದೆ ಬೆಲೆ ಏರುತ್ತಂತೆ" ಎಂದು ಯಾರೋ ಹೇಳಿದ್ದಕ್ಕೆ ಕೊಳ್ಳುತ್ತಿದ್ದರೆ ಬಿಟ್ಟುಬಿಡಿ. ಸಾಲ ಮಾಡಿ, ಕಂತು ಕಟ್ಟಿ ನಾಣ್ಯ ಕೊಳ್ಳಲೇಬಾರದು. ಇದರಲ್ಲಿ ನನಗೆ ಎರಡು ಮಾತಿಲ್ಲ.

ಹೆಜ್ಜೆ 2: ನಿಜವಾದ ಬೆಲೆ ತಿಳಿಯಿರಿ

ಮಾರುವವರು ಹೇಳುವ ಬೆಲೆ ಬೇರೆ, ಮಾರಾಟವಾದ ಬೆಲೆ ಬೇರೆ. ಹರಾಜು ಸಂಸ್ಥೆಗಳು ಹಳೆಯ ಹರಾಜಿನ ಫಲಿತಾಂಶಗಳನ್ನು ತಮ್ಮ ವೆಬ್‌ಸೈಟಿನಲ್ಲಿ ಇಟ್ಟಿರುತ್ತವೆ. ಅದೇ ನಾಣ್ಯ, ಹೆಚ್ಚೂಕಡಿಮೆ ಅದೇ ಸ್ಥಿತಿಯಲ್ಲಿರುವುದು, ಕಳೆದ ಎರಡು ಮೂರು ವರ್ಷದಲ್ಲಿ ಎಷ್ಟಕ್ಕೆ ಹೋಗಿದೆ ನೋಡಿ. ಕನಿಷ್ಠ ಐದು ಮಾರಾಟ ನೋಡದೆ ಬೆಲೆ ಮಾತಾಡಬೇಡಿ. ಒಂದೇ ಒಂದು ದೊಡ್ಡ ಮೊತ್ತವನ್ನು ಹಿಡಿದುಕೊಂಡು "ಮಾರ್ಕೆಟ್ ರೇಟು ಇಷ್ಟು" ಅನ್ನುವವರ ಮಾತು ನಂಬಬೇಡಿ. ಆ ದಿನ ಇಬ್ಬರು ಹಟಕ್ಕೆ ಬಿದ್ದು ಕೂಗಿರಬಹುದು, ಅಲ್ವಾ?

ಯೂಟ್ಯೂಬ್ ವಿಡಿಯೊ ನೋಡಿ ಬೆಲೆ ಕಟ್ಟುವುದಂತೂ ಬೇಡವೇ ಬೇಡ. 2012ರಲ್ಲಿ ಬಂದ ವೈಷ್ಣೋದೇವಿ ಚಿತ್ರದ ಐದು, ಹತ್ತು ರೂಪಾಯಿ ನಾಣ್ಯಕ್ಕೆ ಲಕ್ಷಗಟ್ಟಲೆ ಸಿಗುತ್ತದೆ ಎಂದು ಹೇಳಿ, ಕಮಿಷನ್ ಹೆಸರಿನಲ್ಲಿ ಜನರಿಂದ ದುಡ್ಡು ಕಿತ್ತವರಿದ್ದಾರೆ. ಇಂಥ ವ್ಯವಹಾರಕ್ಕೂ ತನಗೂ ಸಂಬಂಧವಿಲ್ಲ ಎಂದು 2021ರಲ್ಲಿ ರಿಸರ್ವ್ ಬ್ಯಾಂಕೇ ಪ್ರಕಟಣೆ ಕೊಡಬೇಕಾಯಿತು.

ಹೆಜ್ಜೆ 3: ನಾಣ್ಯ ಕೈಗೆ ತೆಗೆದುಕೊಂಡು ನೋಡುವುದು

ಜನ ಎಡವುವುದು ಇಲ್ಲಿಯೇ. ಇಸವಿ ನೋಡುತ್ತಾರೆ, ಬೆಲೆ ಕೇಳುತ್ತಾರೆ, ಕೊಂಡುಬಿಡುತ್ತಾರೆ. ನಾಣ್ಯವನ್ನು ಮಾತ್ರ ನೋಡಿರುವುದಿಲ್ಲ. ಈ ಹೆಜ್ಜೆಗೆ ಅರ್ಧ ಗಂಟೆ ಬೇಕು. ಅಷ್ಟು ಹೊತ್ತು ನೋಡಲು ಬಿಡದ ಅಂಗಡಿಯಲ್ಲಿ ಕೊಳ್ಳಬೇಡಿ.

ಬೇಕಾದ ಸಾಮಾನು ಮೂರೇ. ಹತ್ತು ಪಟ್ಟು ದೊಡ್ಡದು ಮಾಡುವ ಒಂದು ಒಳ್ಳೆಯ ಲೂಪ್, 0.01 ಗ್ರಾಂ ತೋರಿಸುವ ಪುಟ್ಟ ತಕ್ಕಡಿ, ಒಂದು ಟೇಬಲ್ ಲ್ಯಾಂಪ್. ಆನ್‌ಲೈನಿನಲ್ಲಿ 60 ಪಟ್ಟು ಎಂದು ಬರೆದ ಅಗ್ಗದ ಲೂಪ್ ಸಿಗುತ್ತವೆ. ಅವುಗಳಲ್ಲಿ ಅಂಚೆಲ್ಲ ಮಸುಕು, ಕಣ್ಣಿಗೆ ನೋವು. ಅಕ್ಕಸಾಲಿಗರು ಬಳಸುವ ಹತ್ತು ಪಟ್ಟಿನದೇ ಸಾಕು. ನಾಣ್ಯವನ್ನು ಯಾವಾಗಲೂ ಅಂಚಿನಲ್ಲಿ ಹಿಡಿಯಿರಿ, ಕೆಳಗೆ ಮೆತ್ತನೆ ಬಟ್ಟೆ ಹಾಸಿರಿ.

ಮೊದಲು ತೂಕ. ಚಲಾವಣೆಯಲ್ಲಿ ಸವೆದ ರೂಪಾಯಿ 11.66ಕ್ಕಿಂತ ಸ್ವಲ್ಪ ಕಡಿಮೆ ತೂಗಬಹುದು. ತೀರಾ ಕಡಿಮೆ ತೂಗಿದರೂ, ಜಾಸ್ತಿ ತೂಗಿದರೂ ಅನುಮಾನ ಪಡಿ. ಆಮೇಲೆ ನೀರಿನ ಪರೀಕ್ಷೆ. ತಕ್ಕಡಿಯ ಮೇಲೆ ಒಂದು ಚಿಕ್ಕ ಲೋಟ ನೀರಿಟ್ಟು ಸೊನ್ನೆಗೆ ತನ್ನಿ. ನಾಣ್ಯಕ್ಕೆ ತೆಳು ದಾರ ಕಟ್ಟಿ, ಲೋಟದ ತಳಕ್ಕೂ ಬದಿಗೂ ತಾಗದಂತೆ ನೀರಲ್ಲಿ ಮುಳುಗಿಸಿ. ಆಗ ತಕ್ಕಡಿ ತೋರಿಸುವ ಅಂಕಿಯಿಂದ ನಾಣ್ಯದ ತೂಕವನ್ನು ಭಾಗಿಸಿ. 11.60 ಗ್ರಾಂ ನಾಣ್ಯ 1.12 ತೋರಿಸಿದರೆ ಉತ್ತರ ಸುಮಾರು 10.36. ಶೇಕಡ 91.7 ಬೆಳ್ಳಿಗೆ ಬರಬೇಕಾದದ್ದು 10.3ರ ಆಸುಪಾಸು. ಬೆಳ್ಳಿಯೇ ಇಲ್ಲದ ಜರ್ಮನ್ ಸಿಲ್ವರ್ ಆದರೆ ಉತ್ತರ 9 ಕೂಡ ದಾಟುವುದಿಲ್ಲ. ನಾಣ್ಯ ತೆಗೆದ ಮೇಲೆ ಬಟ್ಟೆಯಿಂದ ಒತ್ತಿ ಒಣಗಿಸಿ, ಉಜ್ಜಬೇಡಿ.

ಹಿಂದೆ ಶರಾಫರು (ಹಣ ವಿನಿಮಯ ಮಾಡುತ್ತಿದ್ದವರು) ರೂಪಾಯಿಯನ್ನು ಕಲ್ಲಿನ ಮೇಲೆ ಹಾಕಿ ಸದ್ದು ಕೇಳುತ್ತಿದ್ದರು. ಈಗಲೂ ಕೆಲವರು ಹಾಗೆ ಮಾಡುತ್ತಾರೆ. ದಯವಿಟ್ಟು ಮಾಡಬೇಡಿ. ಒಂದೇ ಏಟಿಗೆ ಅಂಚು ಜಜ್ಜಿಹೋಗುತ್ತದೆ, ಬೆಲೆಯೂ ಇಳಿಯುತ್ತದೆ.

ತೂಕ ಸರಿ ಬಂತು ಅಂತ ಖುಷಿಪಡಬೇಡಿ. 1938ರ ಅಸಲಿ ರೂಪಾಯಿಯನ್ನು ತಿದ್ದಿ 1939 ಮಾಡಿದ್ದರೆ ತೂಕ, ಬೆಳ್ಳಿ ಎಲ್ಲ ಸರಿಯಾಗೇ ಇರುತ್ತದೆ. ಆದ್ದರಿಂದ ಇಸವಿಗೆ ಲೂಪ್ ಹಿಡಿಯಿರಿ. ಎರಡೂ ಒಂಬತ್ತುಗಳ ಹೊಟ್ಟೆ, ಬಾಲ, ದಪ್ಪ ಒಂದಕ್ಕೊಂದು ಹೋಲಿಸಿ. ಎಂಟನ್ನು ಒಂಬತ್ತು ಮಾಡಬೇಕಾದರೆ ಕೆಳಗಿನ ಸೊನ್ನೆಯ ಎಡಬದಿಯನ್ನು ಕೆರೆಯಲೇಬೇಕು. ಲ್ಯಾಂಪನ್ನು ಪಕ್ಕಕ್ಕೆ ತಗ್ಗಿಸಿ, ಬೆಳಕು ಓರೆಯಾಗಿ ಬೀಳುವಂತೆ ಮಾಡಿ ಆ ಜಾಗ ನೋಡಿ. ಕೆರೆದ ಕಡೆ ಲೋಹದ ಹೊಳಪು ಸುತ್ತಲಿನದಕ್ಕಿಂತ ಬೇರೆ ಇರುತ್ತದೆ. ಸಣ್ಣ ತಗ್ಗೂ ಕಾಣಬಹುದು. ಪಕ್ಕದಲ್ಲಿ ಒಂದು ಅಸಲಿ 1938 ಇಟ್ಟುಕೊಳ್ಳಿ. ಅಕ್ಷರ, ಹೂಬಳ್ಳಿ, ದೊರೆಯ ಕಿರೀಟ ಎಲ್ಲ ಒಂದೊಂದಾಗಿ ಹೋಲಿಸಿ. ಅಚ್ಚಿಗೆ ಸುರಿದು ಮಾಡಿದ ನಕಲಿಯಲ್ಲಿ ಅಕ್ಷರದ ಅಂಚು ಮೊಂಡಾಗಿರುತ್ತದೆ, ಮೈಮೇಲೆ ಸೂಜಿ ಚುಚ್ಚಿದಂಥ ತೂತು ಇರುತ್ತವೆ.

ನಾಣ್ಯ ಅಸಲಿ ಅಂತ ಗೊತ್ತಾಯಿತು ಎಂದಿಟ್ಟುಕೊಳ್ಳಿ. ಇನ್ನು ಅದರ ಮೈ ನೋಡಬೇಕು. ಬೆಲೆಯ ಮುಕ್ಕಾಲು ಪಾಲು ನಿಂತಿರುವುದು ಇದರ ಮೇಲೆ.

ಅಚ್ಚು ಬಲವಾಗಿ ಬಡಿದಾಗ ಬೆಳ್ಳಿ ಒಳಗಿನಿಂದ ಅಂಚಿನ ಕಡೆಗೆ ಹರಿಯುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣದಾದ ಆ ಹರಿವಿನ ಗೆರೆಗಳು ನಾಣ್ಯದ ಮೈಯಲ್ಲಿ ಉಳಿಯುತ್ತವೆ. ಚಲಾವಣೆ ಕಾಣದ ನಾಣ್ಯವನ್ನು ಒಂದೇ ದೀಪದ ಕೆಳಗೆ ನಿಧಾನಕ್ಕೆ ವಾಲಿಸಿದರೆ ಬೆಳಕು ಗಾಡಿಚಕ್ರದ ಕಡ್ಡಿಗಳ ಹಾಗೆ ಸುತ್ತುತ್ತದೆ. ಉಜ್ಜಿದ ನಾಣ್ಯದಲ್ಲಿ ಆ ಗೆರೆಗಳು ಸವೆದು ಹೋಗಿರುತ್ತವೆ. ಹೊಳಪು ಇರುತ್ತದೆ, ಆದರೆ ಬೆಳಕು ಸುತ್ತುವುದಿಲ್ಲ. ತೊಳೆದಿಟ್ಟ ಸ್ಟೀಲ್ ತಟ್ಟೆಯ ಹೊಳಪು ಅದು. ಲೂಪಿನಲ್ಲಿ ನೋಡಿದರೆ ಒಂದೇ ದಿಕ್ಕಿಗೆ ಹೋಗುವ ಕೂದಲೆಳೆಯಂಥ ಗೀರು ಕಾಣುತ್ತವೆ.

ನಮ್ಮ ಕಡೆ ಬೆಳ್ಳಿ ರೂಪಾಯಿ ಉಜ್ಜದೆ ಉಳಿದಿದ್ದರೇ ಅದೃಷ್ಟ. ವರಮಹಾಲಕ್ಷ್ಮಿ ಹಬ್ಬಕ್ಕೆ, ದೀಪಾವಳಿಗೆ ರೂಪಾಯಿ ಹೊರಗೆ ತೆಗೆಯುತ್ತಾರೆ. ಹುಣಸೆಹಣ್ಣು, ವಿಭೂತಿ, ಟೂತ್‌ಪೇಸ್ಟ್, ಏನು ಸಿಕ್ಕರೆ ಅದರಲ್ಲಿ ತಿಕ್ಕುತ್ತಾರೆ. ಪೂಜೆಯ ಭಕ್ತಿ ದೊಡ್ಡದು, ಅದರಲ್ಲಿ ತಪ್ಪೇನಿಲ್ಲ. ಆದರೆ ಆ ನಾಣ್ಯಕ್ಕೆ ಸಂಗ್ರಾಹಕನ ಬೆಲೆ ಕೊಡಬಾರದು. ಅಕ್ಷರಗಳ ಸಂದಿಯಲ್ಲಿ ಕುಂಕುಮದ ಕೆಂಪು ಹುಡುಕಿ, ಅಲ್ಲೇ ಗೊತ್ತಾಗುತ್ತದೆ. ಬೆಳ್ಳಿ ತೊಳೆಯುವ ದ್ರಾವಣಗಳು ಇನ್ನೂ ಕೆಟ್ಟವು. ಅದ್ದಿ ತೆಗೆದರೆ ಕ್ಷಣದಲ್ಲಿ ಬೆಳ್ಳಗಾಗುತ್ತದೆ, ಜತೆಗೆ ಮೇಲಿನ ಪದರವೂ ಹೋಗುತ್ತದೆ. ಉಳಿಯುವುದು ಸುಣ್ಣದಂಥ ಸತ್ತ ಬಿಳುಪು.

ತಾನಾಗಿ ಕಪ್ಪಾದ, ಅಂಚಿನಲ್ಲಿ ನೀಲಿ, ಕಂದು ಬಣ್ಣ ತಿರುಗಿದ ರೂಪಾಯಿ ಸಿಕ್ಕರೆ ನಾನು ಅದನ್ನೇ ತೆಗೆದುಕೊಳ್ಳುತ್ತೇನೆ. ಬೆಳ್ಳಗಿರುವುದು, ಕಪ್ಪಾಗಿರುವುದು ಎರಡೂ ಎದುರಿಗಿದ್ದರೆ ನೀವೂ ಕಪ್ಪನ್ನೇ ಆರಿಸಿ. ಬಹಳ ಕಾಲದಿಂದ ಯಾರೂ ಅದರ ಮೈ ಉಜ್ಜಿಲ್ಲ ಎನ್ನುವುದಕ್ಕೆ ಆ ಬಣ್ಣ ಒಳ್ಳೆಯ ಸುಳಿವು.

ಕೊನೆಗೆ ಅಂಚು. ಇದನ್ನು ಹತ್ತರಲ್ಲಿ ಒಂಬತ್ತು ಜನ ನೋಡುವುದೇ ಇಲ್ಲ. ರೂಪಾಯಿಗೆ ಕೊಂಡಿ ಬೆಸೆದು ಸರಕ್ಕೆ ಹಾಕುವುದು ನಮ್ಮಲ್ಲಿ ಹಳೆಯ ಪದ್ಧತಿ. ಲಂಬಾಣಿ ಹೆಂಗಸರ ಒಡವೆಗಳಲ್ಲಿ ಇಂಥ ರೂಪಾಯಿ ಸಾಲು ಸಾಲಾಗಿ ಇರುತ್ತಿದ್ದವು. ಆಮೇಲೆ ಕೊಂಡಿ ಕಿತ್ತು, ಬೆಸುಗೆ ಉಜ್ಜಿ ಮಾರುತ್ತಾರೆ. ದೊರೆಯ ತಲೆಯ ಮೇಲುಗಡೆಯ ಅಂಚಿನಲ್ಲಿ ಅಡ್ಡಗೆರೆಗಳು ಸುತ್ತ ಒಂದೇ ಸಮ ಇವೆಯೇ ನೋಡಿ. ಒಂದೆರಡು ಮಿಲಿಮೀಟರಿನಷ್ಟು ನುಣುಪಾಗಿದ್ದರೆ, ಅಥವಾ ಅಲ್ಲಿ ಬಣ್ಣ ಬೇರೆ ಇದ್ದರೆ, ಅದು ಕೊಂಡಿಯ ಗುರುತು. ನಾನಾದರೆ ಅಲ್ಲಿಗೇ ಕೆಳಗಿಡುತ್ತೇನೆ.

ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಆಗಿ ಬಂದ ನಾಣ್ಯಗಳ ಬಗ್ಗೆ ಎರಡು ಮಾತು. ಎನ್‌ಜಿಸಿ, ಪಿಸಿಜಿಎಸ್ ಸಂಸ್ಥೆಗಳು ನಾಣ್ಯ ಪರೀಕ್ಷಿಸಿ 1ರಿಂದ 70ರವರೆಗೆ ಅಂಕ ಕೊಡುತ್ತವೆ. 60 ಮತ್ತು ಅದರ ಮೇಲೆ ಎಂದರೆ ಚಲಾವಣೆ ಕಾಣದ್ದು. ಉಜ್ಜಿದ್ದು, ಗಾಯವಾದದ್ದು ಎಂದರೆ ಅಂಕದ ಬದಲು ಡೀಟೇಲ್ಸ್ ಎಂಬ ಚೀಟಿ ಬರುತ್ತದೆ. ನನ್ನ ಮಟ್ಟಿಗೆ 1939ರಂಥ ನಾಣ್ಯವನ್ನು ಮೊದಲ ಸಲ ಕೊಳ್ಳುವವರು ಸೀಲ್ ಆದದ್ದನ್ನೇ ಕೊಳ್ಳಬೇಕು. ಆದರೆ ಡಬ್ಬಿಯೂ ನಕಲಿ ಬರುತ್ತದೆ. ಅದರ ಮೇಲಿನ ನಂಬರನ್ನು ಸಂಸ್ಥೆಯ ವೆಬ್‌ಸೈಟಿನಲ್ಲಿ ಹಾಕಿ, ಅಲ್ಲಿ ಫೋಟೊ ಇದ್ದರೆ ಕೈಯಲ್ಲಿರುವ ನಾಣ್ಯದ ಗೀರುಗಳಿಗೆ ತಾಳೆ ನೋಡಿ. ಮಾರುವವನೇ ಪ್ರಿಂಟ್ ಹಾಕಿಸಿ ಕೊಡುವ ಸರ್ಟಿಫಿಕೇಟಿಗೆ ಕಾಗದದ ಬೆಲೆಯೂ ಇಲ್ಲ. 63 ಅಂಕದ ನಾಣ್ಯಕ್ಕೂ 64ರ ನಾಣ್ಯಕ್ಕೂ ನಿಮ್ಮ ಕಣ್ಣಿಗೆ ವ್ಯತ್ಯಾಸ ಕಾಣದಿದ್ದರೆ 63 ಕೊಳ್ಳಿ.

ಹೆಜ್ಜೆ 4: ಒಟ್ಟು ಖರ್ಚು ಬರೆದುಕೊಳ್ಳಿ

ಹರಾಜಿನಲ್ಲಿ ಕೂಗಿದ ಮೊತ್ತವೇ ಕೊನೆಯಲ್ಲ. ಲಕ್ಷಕ್ಕೆ ನಿಂತಿತು ಎಂದಿಟ್ಟುಕೊಳ್ಳಿ. ಕಮಿಷನ್ ಶೇಕಡ 15 ಇದ್ದರೆ ಅಲ್ಲಿಗೆ 1,15,000. ತೆರಿಗೆ, ಕೊರಿಯರ್, ವಿಮೆ ಬೇರೆ. ಇದನ್ನೆಲ್ಲ ಕೂಡಿಸಿ, ನಿಮ್ಮ ಮಿತಿಯನ್ನು ಮನೆಯಲ್ಲೇ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಕೂಗು ಆ ಅಂಕಿ ದಾಟಿತೋ, ಕೈ ಕೆಳಗಿಳಿಸಿ.

ಅಂಗಡಿಯಲ್ಲಾದರೆ ಒಂದೇ ಪ್ರಶ್ನೆ ಕೇಳಿ: "ಇದನ್ನೇ ನಾನು ನಾಳೆ ತಂದರೆ ಎಷ್ಟಕ್ಕೆ ವಾಪಸ್ ತಗೋತೀರಿ?" ಒಳ್ಳೆಯ ವ್ಯಾಪಾರಿ ನೇರವಾಗಿ ಒಂದು ಅಂಕಿ ಹೇಳುತ್ತಾನೆ. ಅದು ಕಡಿಮೆಯೇ ಇರುತ್ತದೆ, ಬೇಸರ ಬೇಡ. ಆ ಅಂತರವನ್ನು ಕಳೆದುಕೊಳ್ಳಲು ನೀವು ತಯಾರಿದ್ದೀರಾ ಎಂಬುದಷ್ಟೇ ಲೆಕ್ಕ. ಮಾತು ತೇಲಿಸಿದರೆ ಎದ್ದು ಬನ್ನಿ. ನಕಲಿ ಎಂದಾದರೆ ಹಣ ವಾಪಸ್ ಎಂದು ಬಿಲ್ಲಿನ ಮೇಲೆ ಬರೆಸಿಕೊಳ್ಳುವುದನ್ನು ಮರೆಯಬೇಡಿ. ಆ ಹುಡುಗನ ಕೈಯಲ್ಲಿ ಇಲ್ಲದೇ ಹೋದದ್ದು ಅದೇ.

ಇಲ್ಲೇ ಒಂದು ಮಾತು. ನೀವು ಕೊಳ್ಳುತ್ತಿರುವುದು ವಿಜಯನಗರದ ವರಹವೋ ಟಿಪ್ಪುವಿನ ಬೆಳ್ಳಿ ರೂಪಾಯಿಯೋ ಆಗಿದ್ದರೆ ಕಾನೂನೂ ಗೊತ್ತಿರಲಿ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯವನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಅಮೆರಿಕದಲ್ಲಿರುವ ಮಗನಿಗೆ ಉಡುಗೊರೆ ಕೊಡಲೂ ಆಗುವುದಿಲ್ಲ. "ಹೊಲ ಉಳುವಾಗ ಸಿಕ್ಕಿದ್ದು, ಅದಕ್ಕೇ ಅಗ್ಗ" ಎಂದು ಯಾರಾದರೂ ತಂದರೆ ಮುಟ್ಟಲೇಬೇಡಿ. ನಿಧಿ ಸಿಕ್ಕವರು ಜಿಲ್ಲಾಧಿಕಾರಿಗೆ ತಿಳಿಸಬೇಕು ಎಂದು 1878ರಿಂದಲೇ ಕಾನೂನಿದೆ. ವರಹದ ವಿಷಯದಲ್ಲಿ ತೂಕವನ್ನೂ ನೆಚ್ಚಿಕೊಳ್ಳುವಂತಿಲ್ಲ. ಅಸಲಿ ಚಿನ್ನದಲ್ಲೇ, ಸರಿಯಾಗಿ 3.4 ಗ್ರಾಂ ಬರುವ ಹಾಗೆ ನಕಲಿ ಮಾಡುತ್ತಾರೆ. ಹತ್ತಾರು ಅಸಲಿ ವರಹ ಕೈಯಲ್ಲಿ ಹಿಡಿದ ಹಿರಿಯರೊಬ್ಬರಿಗೆ ತೋರಿಸದೆ ದುಡ್ಡು ಕೊಡಬೇಡಿ.

ಹೆಜ್ಜೆ 5: ಒಂದು ವಾರ ಬಿಡಿ

"ಇನ್ನೊಬ್ಬರು ಕೇಳ್ತಿದ್ದಾರೆ, ಇವತ್ತೇ ಹೇಳಿ" ಎಂದರೆ ಅವರಿಗೇ ಕೊಡಲಿ. ಮನೆಯವರಿಗೆ ನಾಣ್ಯವನ್ನೂ ಬೆಲೆಯನ್ನೂ ಹೇಳಿ. ಮುಚ್ಚಿಟ್ಟು ಕೊಂಡ ಸಂಗ್ರಹಗಳು ಆಮೇಲೆ ಬೆಳ್ಳಿಯ ತೂಕಕ್ಕೆ ಹೋದದ್ದನ್ನು ಕಣ್ಣಾರೆ ನೋಡಿದ್ದೇನೆ. ಮನೆಯವರಿಗೆ ಬೆಲೆಯೇ ಗೊತ್ತಿರಲಿಲ್ಲ. ವಾರ ಕಳೆದ ಮೇಲೂ ಬೇಕು ಅನ್ನಿಸಿದರೆ, ಮೇಲಿನ ಯಾವ ಪರೀಕ್ಷೆಯಲ್ಲೂ ಎಳ್ಳಷ್ಟು ಅನುಮಾನ ಉಳಿದಿರದಿದ್ದರೆ, ಧೈರ್ಯವಾಗಿ ಕೊಳ್ಳಿ.

ತಂದ ಮೇಲೆ

ಬಿಲ್ಲಿನ ಜತೆ ನಾಣ್ಯದ ಎರಡೂ ಮುಖದ ಫೋಟೊ, ತೂಕ, ಕೊಂಡ ತಾರೀಖು ಇಡಿ. ಮೆತ್ತಗಿನ ಪಿವಿಸಿ ಹಾಳೆಯ ಆಲ್ಬಮ್ ಬೇಡ. ವರ್ಷ ಕಳೆದರೆ ಅದು ಹಸಿರು ಅಂಟು ಬಿಡುತ್ತದೆ. ಗಟ್ಟಿ ಪ್ಲಾಸ್ಟಿಕ್ಕಿನ ಗುಂಡು ಡಬ್ಬಿ ಒಳ್ಳೆಯದು. ಕರಾವಳಿ, ಮಲೆನಾಡಿನವರು ಜತೆಗೆ ಸಿಲಿಕಾ ಜೆಲ್ ಚೀಟಿ ಇಟ್ಟು, ಮಳೆಗಾಲಕ್ಕೆ ಮುಂಚೆ ಬದಲಿಸಿ. ಹಬ್ಬದ ಪೂಜೆಗೆ ಐದನೇ ಜಾರ್ಜಿನ 1918ರ ರೂಪಾಯಿಯೊಂದನ್ನು ಬೇರೆ ತಂದಿಡಿ. ಅದು ಬೇಕಾದಷ್ಟು ಸಿಗುತ್ತದೆ, ಎಷ್ಟು ತೊಳೆದರೂ ಚಿಂತೆಯಿಲ್ಲ.