ಚಿಮಣಿಯಿಂದ ಸಮುದ್ರದಡಿಗೆ: ಇಂಗಾಲದ ಡೈಆಕ್ಸೈಡ್ ಸಾಗಿಸುವುದು ಹೇಗೆ?

ಸಿಮೆಂಟ್ ಕಾರ್ಖಾನೆಗೆ ಎಷ್ಟೇ ಸೌರವಿದ್ಯುತ್ ಕೊಟ್ಟರೂ ಅದರ ಇಂಗಾಲದ ಡೈಆಕ್ಸೈಡ್ ಪೂರ್ತಿ ನಿಲ್ಲದು. ಹೊರಬರುವ ಅನಿಲದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಉರುವಲಿನದ್ದಲ್ಲ, ಸುಟ್ಟ ಸುಣ್ಣದಕಲ್ಲಿನದ್ದೇ. ಸೇಡಂನಲ್ಲೂ ಅಷ್ಟೇ, ನಾರ್ವೆಯಲ್ಲೂ ಅಷ್ಟೇ. ನಾರ್ವೆಯ ಬ್ರೆವಿಕ್ ಕಾರ್ಖಾನೆ ಈ ಅನಿಲವನ್ನು ಹಿಡಿದು ‘ನಾರ್ದರ್ನ್ ಲೈಟ್ಸ್’ ಕಂಪನಿಯ ಹಡಗಿಗೆ ತುಂಬಿಸುತ್ತದೆ. 2025ರ ಆಗಸ್ಟ್‌ನಲ್ಲಿ ಮೊದಲ ಸರಕು ಉತ್ತರ ಸಮುದ್ರದ ತಳದಡಿ ಇಳಿಯಿತು.

ಹಂತ 1: ಹಿಡಿಯುವುದು

ಹೊಗೆಯನ್ನು ತಣಿಸಿ, ಎತ್ತರದ ಗೋಪುರದಲ್ಲಿ ಅಮೀನ್ (ಇಂಗಾಲದ ಡೈಆಕ್ಸೈಡನ್ನು ಹಿಡಿದುಕೊಳ್ಳುವ ರಾಸಾಯನಿಕ) ದ್ರಾವಣದ ಮೂಲಕ ಹಾಯಿಸಬೇಕು. ಸುಮಾರು 40 ಡಿಗ್ರಿಯಲ್ಲಿ ಅಮೀನ್ ಅನಿಲವನ್ನು ಹೀರಿಕೊಳ್ಳುತ್ತದೆ, 120 ಡಿಗ್ರಿಗೆ ಕಾಯಿಸಿದರೆ ಬಿಟ್ಟುಕೊಡುತ್ತದೆ. ಹೆಚ್ಚಿನ ಶಕ್ತಿ ಖರ್ಚಾಗುವುದು ಈ ಕಾಯಿಸುವುದರಲ್ಲೇ. ಬ್ರೆವಿಕ್‌ನಲ್ಲಿ ಕಾರ್ಖಾನೆಯಲ್ಲಿ ವ್ಯರ್ಥವಾಗುತ್ತಿದ್ದ ಶಾಖವನ್ನೇ ಇದಕ್ಕೆ ಬಳಸುತ್ತಾರೆ. ವರ್ಷಕ್ಕೆ 4 ಲಕ್ಷ ಟನ್ ಹಿಡಿಯುವ ಲೆಕ್ಕ. ಅದು ಕಾರ್ಖಾನೆ ಉಗುಳುವುದರ ಅರ್ಧದಷ್ಟು.

ಹಂತ 2: ಒಣಗಿಸಿ ದ್ರವ ಮಾಡುವುದು

ಅವಸರ ಮಾಡಬಾರದ ಹಂತ ಇದು. ನೀರಿನಂಶ ಹತ್ತು ಲಕ್ಷ ಭಾಗಕ್ಕೆ 30 ಭಾಗ ದಾಟಬಾರದು. ದಾಟಿದರೆ ಅನಿಲ ನೀರಿನೊಂದಿಗೆ ಸೇರಿ ಆಮ್ಲವಾಗಿ ಉಕ್ಕಿನ ಪೈಪನ್ನು ತಿನ್ನುತ್ತದೆ. ಗಂಧಕ, ಸಾರಜನಕದ ಆಕ್ಸೈಡ್‌ಗಳು ಉಳಿದಿದ್ದರಂತೂ ಇನ್ನೂ ತೀಕ್ಷ್ಣ ಆಮ್ಲಗಳು ಹುಟ್ಟುತ್ತವೆ. ಅದಕ್ಕೇ ಹಡಗಿಗೆ ತುಂಬುವ ಮೊದಲು ಮಾದರಿ ಪರೀಕ್ಷೆ ಕಡ್ಡಾಯ.

ನಂತರ ಸುಮಾರು 15 ಬಾರ್ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ) ಒತ್ತಡಕ್ಕೆ ಏರಿಸಿ, ಮೈನಸ್ 26 ಡಿಗ್ರಿಯ ಆಸುಪಾಸಿಗೆ ತಣಿಸಿದರೆ ಅದು ದ್ರವ. ಗಾತ್ರ 500ರಲ್ಲಿ ಒಂದು ಪಾಲಿಗಿಂತಲೂ ಕಡಿಮೆಯಾಗುತ್ತದೆ.

ಹಂತ 3: ಹಡಗು

‘ನಾರ್ದರ್ನ್ ಪಯೋನಿಯರ್’ನಂಥ ಹಡಗು 130 ಮೀಟರ್ ಉದ್ದ, 7,500 ಘನ ಮೀಟರ್ ಸಾಮರ್ಥ್ಯದ್ದು, ಒಂದು ಬಾರಿಗೆ ಸುಮಾರು 8,000 ಟನ್. ಅಂದರೆ ಬ್ರೆವಿಕ್‌ಗೆ ವಾರಕ್ಕೊಂದು ಸಲ ಹಡಗು ಬರಲೇಬೇಕು. ಬಿರುಗಾಳಿಗೆ ತಡವಾದರೆ ದಡದ ಟ್ಯಾಂಕು ತುಂಬಿ, ಹಿಡಿದ ಅನಿಲವನ್ನು ಮತ್ತೆ ಚಿಮಣಿಗೇ ಬಿಡಬೇಕಾಗುತ್ತದೆ.

ಸಾಗಣೆಯಲ್ಲಿ ಕಣ್ಣಿಡಬೇಕಾದದ್ದು ಒತ್ತಡದ ಮೇಲೆ. ಅದು 5.2 ಬಾರ್‌ಗಿಂತ ಕೆಳಗೆ ಕುಸಿದರೆ ದ್ರವ ಉಳಿಯುವುದೇ ಇಲ್ಲ: ಒಂದಷ್ಟು ಅನಿಲವಾಗುತ್ತದೆ, ಮಿಕ್ಕದ್ದು ಮೈನಸ್ 57 ಡಿಗ್ರಿಗೂ ಕೆಳಗೆ ತಣ್ಣಗಾಗಿ ಒಣ ಮಂಜುಗಡ್ಡೆಯಾಗಿ ವಾಲ್ವ್ ಕಟ್ಟಿಬಿಡುತ್ತದೆ. ಇಂಗಾಲದ ಡೈಆಕ್ಸೈಡ್ ತುಂಬಿದ, ಬೆಂಕಿ ಆರಿಸುವ ಸಿಲಿಂಡರಿನ ಮೂತಿಯಲ್ಲಿ ಕಾಣುವ ಬಿಳಿ ಪುಡಿ ಇದೇ. ಆದ್ದರಿಂದ ಇಳಿಸುವಾಗ ಎರಡು ಕೊಳವೆ ಬೇಕು: ಒಂದರಲ್ಲಿ ದ್ರವ ದಡಕ್ಕೆ, ಇನ್ನೊಂದರಲ್ಲಿ ದಡದ ಟ್ಯಾಂಕಿನ ಅನಿಲ ಹಡಗಿಗೆ. ಖಾಲಿ ಜಾಗವನ್ನು ಅನಿಲವೇ ತುಂಬಿ ಒತ್ತಡ ಹಿಡಿದಿಡುತ್ತದೆ. ಗಾಳಿಗಿಂತ ಭಾರವಾದ, ವಾಸನೆಯಿಲ್ಲದ ಈ ಅನಿಲ ಸೋರಿದರೆ ತಗ್ಗಿನಲ್ಲಿ ನಿಂತು ಉಸಿರುಗಟ್ಟಿಸುತ್ತದೆ. ಹಾಗಾಗಿ ಸೋರಿಕೆ ಪತ್ತೆ ಯಂತ್ರಗಳನ್ನು ಮುಖ್ಯವಾಗಿ ಕೆಳಮಟ್ಟದಲ್ಲಿ ಇಡಬೇಕು.

ಹಂತ 4: ತಳದಡಿಗೆ

ಬೆರ್ಗೆನ್ ಬಳಿಯ ಓಯ್‌ಗಾರ್ಡನ್‌ನಲ್ಲಿ ಇಳಿಸಿದ ದ್ರವವನ್ನು ಪಂಪಿನಿಂದ ಒತ್ತಡಕ್ಕೇರಿಸಿ, ತುಸು ಬಿಸಿ ಮಾಡಿ, ಸುಮಾರು 100 ಕಿ.ಮೀ. ಪೈಪಿನಲ್ಲಿ ಬಾವಿಗೆ ಕಳಿಸುತ್ತಾರೆ. ಸಮುದ್ರತಳದಿಂದ ಸುಮಾರು 2,600 ಮೀಟರ್ ಕೆಳಗೆ ಉಪ್ಪುನೀರು ತುಂಬಿದ ಮರಳುಗಲ್ಲಿದೆ. ಅದರ ರಂಧ್ರಗಳೇ ಗೋದಾಮು. ಅನಿಲ ಉಪ್ಪುನೀರಿಗಿಂತ ಹಗುರ, ಮೇಲೇರಲು ನೋಡುತ್ತದೆ. ಮೇಲಿನ ಗಟ್ಟಿ ಜೇಡಿಗಲ್ಲಿನ ಪದರ ತಡೆಯುತ್ತದೆ. ವರ್ಷಗಳು ಉರುಳಿದಂತೆ ಒಂದು ಪಾಲು ರಂಧ್ರಗಳಲ್ಲೇ ಸಿಕ್ಕಿಕೊಳ್ಳುತ್ತದೆ, ಮತ್ತೊಂದು ಪಾಲು ನೀರಿನಲ್ಲಿ ಕರಗುತ್ತದೆ. ಕಲ್ಲಾಗುವುದು ಬಹಳ ನಿಧಾನ.

ಸೋರಿಕೆಯ ಭಯ ಜನರಿಗೆ ಹೆಚ್ಚು. ಆದರೆ ಬಾವಿಯವರ ನಿತ್ಯದ ತಲೆನೋವು ಒತ್ತಡ. ನಾರ್ವೆಯ ಸಮುದ್ರದಲ್ಲಿರುವ ಸ್ಲೈಪ್ನರ್ ಅನಿಲ ಕ್ಷೇತ್ರದಲ್ಲಿ 1996ರಿಂದ ತುಂಬಿದರೂ ತೊಂದರೆಯಾಗಲಿಲ್ಲ, ಅಲ್ಲಿನ ಮರಳುಗಲ್ಲು ವಿಶಾಲ. ಅಲ್ಲಿಯದೇ ಇನ್ನೊಂದು ಅನಿಲ ಕ್ಷೇತ್ರ ಸ್ನೋವಿಟ್‌ನಲ್ಲಿ 2008ರಲ್ಲಿ ತುಂಬಲು ಶುರುಮಾಡಿದ ಪದರದ ಒತ್ತಡ ನಿರೀಕ್ಷೆಗಿಂತ ಬೇಗ ಏರಿತು. 2011ರಲ್ಲಿ ಬೇರೆ ಪದರಕ್ಕೆ ಬದಲಿಸಬೇಕಾಯಿತು. ನಾರ್ದರ್ನ್ ಲೈಟ್ಸ್ ಮೊದಲ ಹಂತದಲ್ಲೇ ತುಂಬುವ ಬಾವಿಯ ಜೊತೆ ಇನ್ನೊಂದನ್ನು ಮೀಸಲಾಗಿ ಕೊರೆದಿಟ್ಟಿದೆ.