ಸಿ ಪ್ರೋಗ್ರಾಮ್‌ನಲ್ಲಿ ಇನ್‌ಪುಟ್ ಮುಗಿಯೋದು, ಔಟ್‌ಪುಟ್ ಫೈಲ್‌ಗೆ ಹೋಗೋದು: ನಾನು ಮಾಡೋ ರೀತಿ

ಟೆಕ್ಸ್ಟ್ ಫೈಲ್ ಮೇಲೆ ಕೆಲಸ ಮಾಡೋ ಸಣ್ಣ ಟೂಲ್‌ಗಳನ್ನ ನಾನು ಈಗಲೂ ಸಿ ನಲ್ಲೇ ಬರೀತೀನಿ. ಅವುಗಳೊಳಗೆ ಫೈಲ್ ಹೆಸರೇ ಇರಲ್ಲ, ಸ್ಟ್ಯಾಂಡರ್ಡ್ ಇನ್‌ಪುಟ್‌ನಿಂದ ಓದೋದು ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ ಬರೆಯೋದು ಅಷ್ಟೇ, ಯಾವ ಫೈಲಿಂದ ಯಾವ ಫೈಲಿಗೆ ಅನ್ನೋದನ್ನ ಕಮಾಂಡ್‌ಗಳನ್ನ ಓಡಿಸೋ ಶೆಲ್ ನೋಡ್ಕೊಳ್ಳತ್ತೆ.

ಒಂದೊಂದೇ ಬೈಟ್ ಓದೋ ಗೆಟ್‌ಚಾರ್ ಫಂಕ್ಷನ್ ಕೊಡೋ ಬೆಲೆಯನ್ನ ಯಾವಾಗ್ಲೂ ಇಂಟ್‌ನಲ್ಲೇ (ಪೂರ್ಣಾಂಕದ ಟೈಪ್) ಇಟ್ಕೊಳ್ತೀನಿ. ಇಒಎಫ್ (ಎಂಡ್ ಆಫ್ ಫೈಲ್) ಅನ್ನೋದು ಫೈಲ್ ಕೊನೇಲಿ ಕೂತಿರೋ ಅಕ್ಷರ ಅಲ್ಲ, ಓದೋಕೆ ಇನ್ನೇನೂ ಸಿಗ್ಲಿಲ್ಲ ಅಂತ ಗೆಟ್‌ಚಾರ್ ಕೊಡೋ ಉತ್ತರ, ಸಾಮಾನ್ಯವಾಗಿ -1. ಗೆಟ್‌ಚಾರ್ ಉತ್ತರವನ್ನ ಒಂದೇ ಬೈಟ್‌ನ ಚಾರ್‌ಗೆ ಹಾಕಿದ್ರೆ, ಚಾರ್ ಸೈನ್ಡ್ (ಋಣ ಸಂಖ್ಯೆನೂ ಹಿಡಿಯೋದು) ಇರೋ ಮಷಿನ್‌ನಲ್ಲಿ 255 ಅನ್ನೋ ಬೈಟ್ ಬಂದ ಕೂಡ್ಲೇ ಅದೂ -1 ಥರ ಕಂಡು ಓದೋ ಲೂಪ್ ನಿಂತುಬಿಡತ್ತೆ, ಅನ್‌ಸೈನ್ಡ್ ಇರೋ ಕಡೆ, ಅಂದ್ರೆ ಆರ್ಮ್ ಲಿನಕ್ಸ್ ಥರದ್ರಲ್ಲಿ, ಲೂಪ್ ನಿಲ್ಲೋದೇ ಇಲ್ಲ. ಕನ್ನಡ ಫೈಲ್ ಕೊಟ್ಟು ಟೆಸ್ಟ್ ಮಾಡಿದ್ರೆ ಮೊದಲನೇದು ಗೊತ್ತೇ ಆಗಲ್ಲ ಯಾಕಂದ್ರೆ ಕನ್ನಡ ಅಕ್ಷರಗಳನ್ನ ಬೈಟ್‌ಗಳಾಗಿ ಇಡೋ ಯುಟಿಎಫ್-8 ನಲ್ಲಿ 255 ಬರೋದೇ ಇಲ್ಲ. ಅದಕ್ಕೆ ನಾನು ಒಂದು ಜೆಪೆಗ್ ಫೋಟೋನೂ ಕೊಟ್ಟು ನೋಡ್ತೀನಿ, ಅದರ ಮೊದಲನೇ ಬೈಟೇ 255. ಕನ್ನಡಕ್ಕೆ ಬೇರೆ ಟೆಸ್ಟ್ ಇದೆ: ಹೊಸ ಸಾಲಿಲ್ಲದೆ ಬರೀ 'ಕನ್ನಡ' ಅಂತ ಪೈಪ್‌ನಲ್ಲಿ (ಒಂದು ಪ್ರೋಗ್ರಾಮ್‌ನ ಔಟ್‌ಪುಟ್ ಇನ್ನೊಂದರ ಇನ್‌ಪುಟ್ ಆಗೋ ದಾರಿ) ಕಳ್ಸಿದ್ರೆ ಬೈಟ್ ಎಣಿಕೆ 15 ಬರ್ಬೇಕು.

ಫೈಲ್ ಮುಗೀತಾ ಅಂತ ಹೇಳೋ ಎಫ್ಇಒಎಫ್‌ನ ಲೂಪ್ ಕಂಡೀಷನ್‌ನಲ್ಲಿ ಹಾಕಲ್ಲ. ಓದೋ ಪ್ರಯತ್ನ ಸೋತಮೇಲಷ್ಟೇ ಅದು ನಿಜ ಆಗೋದು, ಹಾಗಾಗಿ ಅಲ್ಲಿ ಹಾಕಿದ್ರೆ ಕೊನೇ ಸಾಲು ಎರಡು ಸಲ ಪ್ರಿಂಟ್ ಆಗತ್ತೆ. ಲೂಪ್ ಮುಗಿದಮೇಲೆ, ಓದೋದ್ರಲ್ಲಿ ಬರೆಯೋದ್ರಲ್ಲಿ ತಪ್ಪಾಯ್ತಾ ಅಂತ ಹೇಳೋ ಎಫ್‌ಎರರ್ ನೋಡ್ತೀನಿ, ಡಿಸ್ಕ್ ಓದೋಕಾಗದೆ ಇದ್ರೂ ಗೆಟ್‌ಚಾರ್ ಕೊಡೋದು ಅದೇ ಇಒಎಫ್.

ಇನ್‌ಪುಟ್ ಕೀಬೋರ್ಡಿಂದ ಆದ್ರೆ ಅದನ್ನ ಮುಗಿಸೋಕೆ ಲಿನಕ್ಸ್‌ನಲ್ಲಿ ಕಂಟ್ರೋಲ್-ಡಿ. ಅದು ಮಾಡೋದು ಇಷ್ಟು, ಆ ಸಾಲಲ್ಲಿ ಅಲ್ಲೀವರೆಗೆ ಟೈಪ್ ಮಾಡಿದ್ದನ್ನ ಪ್ರೋಗ್ರಾಮ್‌ಗೆ ತಳ್ಳೋದು. ಸಾಲು ಖಾಲಿ ಇದ್ರೆ ಸೊನ್ನೆ ಬೈಟ್ ಹೋಗತ್ತೆ, ಅದೇ ಮುಕ್ತಾಯ, ಸಾಲಿನ ಮಧ್ಯೆ ಇದ್ರೆ ಎರಡು ಸಲ ಒತ್ಬೇಕು. ವಿಂಡೋಸ್‌ನಲ್ಲಿ ಸಾಲಿನ ಶುರುವಲ್ಲಿ ಕಂಟ್ರೋಲ್-ಝಡ್, ಆಮೇಲೆ ಎಂಟರ್.

ನಿಜವಾದ ಎಚ್ಚರ ಬೇಕಾಗಿರೋದು ಔಟ್‌ಪುಟ್ ಕಡೆ, ಇದನ್ನ ಪಾಠ ಮಾಡೋವಾಗ ಯಾಕೆ ಬಿಟ್ಟುಬಿಡ್ತಾರೋ ಗೊತ್ತಿಲ್ಲ. ಟರ್ಮಿನಲ್‌ನಲ್ಲಿ ಪ್ರಿಂಟ್ಎಫ್ ಬರೆದದ್ದು ಸಾಲುಸಾಲಾಗಿ ಹೊರಗೆ ಬರತ್ತೆ, > ಹಾಕಿ ಫೈಲ್‌ಗೆ ತಿರುಗಿಸಿದ ಕೂಡ್ಲೇ ದೊಡ್ಡ ಬಫರ್ (ಹೊರಗೆ ಕಳಿಸೋ ಮುಂಚೆ ಕೂಡಿಡೋ ಮೆಮೊರಿ ಜಾಗ) ತುಂಬೋವರೆಗೂ ಒಳಗೇ ಇರತ್ತೆ, ಮಧ್ಯದಲ್ಲಿ ಪ್ರೋಗ್ರಾಮ್ ಕ್ರ್ಯಾಶ್ ಆದ್ರೆ ಬಫರ್‌ನಲ್ಲಿದ್ದಿದ್ದೆಲ್ಲಾ ಹೋಯ್ತು. ತಪ್ಪಿನ ಸಂದೇಶಕ್ಕಂತ ಬೇರೆ ಇರೋ ದಾರಿ ಸ್ಟ್ಯಾಂಡರ್ಡ್ ಎರರ್, ಅದಕ್ಕೆ ಬಫರ್ ಇಲ್ಲ, ಅದಕ್ಕೆ ದೂರುಗಳೆಲ್ಲಾ ಅಲ್ಲಿಗೇ ಬರೀತೀನಿ, ಔಟ್‌ಪುಟ್ ಫೈಲೂ ಶುದ್ಧವಾಗಿರತ್ತೆ. ಎರಡೂ ಒಂದೇ ಫೈಲಿಗೆ ಬೇಕಂದ್ರೆ ಮೊದಲು > ಫೈಲ್ ಹೆಸರು, ಆಮೇಲೆ 2>&1, ತಿರುವುಮುರುವು ಬರೆದ್ರೆ ಎರರ್ ಪರದೆ ಮೇಲೇ ಉಳಿಯತ್ತೆ.

ಇನ್ನೊಂದು, ಓದೋ ಫೈಲ್‌ಗೇ ವಾಪಸ್ ಬರೆಯೋಕೆ ಹೋಗಬಾರದು, ಪ್ರೋಗ್ರಾಮ್ ಶುರುವಾಗೋಕೂ ಮುಂಚೆ ಶೆಲ್ ಆ ಫೈಲನ್ನ ಖಾಲಿ ಮಾಡಿರತ್ತೆ.

ಬಫರ್‌ನಿಂದಾಗಿ ಡಿಸ್ಕ್ ತುಂಬಿದ್ರೂ ಪ್ರಿಂಟ್ಎಫ್ ಎಲ್ಲಾ ಸರಿ ಇದೆ ಅನ್ನಬಹುದು. ಅದಕ್ಕೆ ಮೇನ್ ಮುಗಿಯೋ ಮುಂಚೆ ಎಫ್‌ಫ್ಲಶ್ ಮಾಡಿ (ಬಫರ್‌ನಲ್ಲಿರೋದನ್ನ ಹೊರಗೆ ತಳ್ಳಿ) ಅದರ ಉತ್ತರ ನೋಡಿ, ಎಫ್‌ಎರರ್‌ನೂ ನೋಡಿ, ತಪ್ಪಿದ್ರೆ ಎಕ್ಸಿಟ್ ಕೋಡ್ 1 (ಸೋತೆ ಅನ್ನೋ ಸೂಚನೆ) ಕೊಟ್ಟು ಹೊರಗೆ ಬರ್ತೀನಿ. ಪರೀಕ್ಷೆ ಮಾಡೋಕೆ ಡಿಸ್ಕ್ ತುಂಬಿಸಬೇಕಿಲ್ಲ, ಲಿನಕ್ಸ್‌ನಲ್ಲಿ /ಡೆವ್/ಫುಲ್ ಅಂತ ಒಂದಿದೆ, ಅದಕ್ಕೆ ಏನು ಬರೆದ್ರೂ ಜಾಗ ಇಲ್ಲ ಅನ್ನೋ ಎರರೇ ಬರೋದು. ಔಟ್‌ಪುಟ್ ಅಲ್ಲಿಗೆ ತಿರುಗಿಸಿದಾಗ್ಲೂ ಎಕ್ಸಿಟ್ ಕೋಡ್ 0, ಅಂದ್ರೆ ಎಲ್ಲಾ ಸರಿ ಅಂತ, ಬಂದ್ರೆ ಆ ಟೂಲನ್ನ ನಾನು ಯಾರಿಗೂ ಕೊಡಲ್ಲ.