ಮಳೆಗಾಲದಲ್ಲಿ ಕೂಡಿಕೊಳ್ಳದ ಜರ್ಮೇನ್: ನನ್ನ ಅನುಭವ

ಕಾರವಾರದ ಜುಲೈ ಹವೆಯಲ್ಲಿ ಆರೈಲ್ ಟ್ರೈಈಥೈಲ್‌ಜರ್ಮೇನ್ (ಬೆಂಜೀನ್‌ನಂಥ ಉಂಗುರಕ್ಕೆ ಜರ್ಮೇನಿಯಂ ಅಂಟಿದ ಸಂಯುಕ್ತ) ಮತ್ತು ಆರೈಲ್ ಅಯೋಡೈಡ್ (ಅಂಥದೇ ಉಂಗುರಕ್ಕೆ ಅಯೋಡಿನ್ ಅಂಟಿದ್ದು) ಜೋಡಣೆ ಅರ್ಧಕ್ಕೇ ನಿಲ್ಲುತ್ತಿತ್ತು. ವೇಗವರ್ಧಕ ಪಲ್ಲಾಡಿಯಂ ಸರಿಯಿತ್ತು, ಕೈಕೊಟ್ಟದ್ದು ಅಯೋಡೈಡನ್ನು ಹಿಡಿದುಕೊಳ್ಳುವ ಬೆಳ್ಳಿ ಲವಣ, ಸಿಲ್ವರ್ ಟೆಟ್ರಾಫ್ಲೋರೋಬೊರೇಟ್. ತೂಗುವಷ್ಟರಲ್ಲೇ ನೀರು ಹೀರಿ, ಮಳೆಗಾಲದ ಬೆಲ್ಲದ ಹಾಗೆ ಒಸರುತ್ತದೆ. ತಕ್ಕಡಿ ತೋರಿಸುವ ತೂಕದಲ್ಲಿ ನೀರೂ ಸೇರಿರುತ್ತದೆ, ಬೆಳ್ಳಿ ಕಡಿಮೆ ಬೀಳುತ್ತದೆ.

ಈಗ ಅದನ್ನು ಗ್ಲೋವ್ ಬಾಕ್ಸ್ (ಹೊರಗಿನ ಗಾಳಿ, ತೇವ ನುಗ್ಗದ ಮುಚ್ಚಿದ ಪೆಟ್ಟಿಗೆ) ಒಳಗೇ ಕಂದು ವಯಲ್‌ಗೆ ತೂಗುತ್ತೇನೆ, ಬೆಳಕೂ ಅದಕ್ಕೆ ಆಗದು. 0.2 ಮಿಲಿಮೋಲ್ ಆರೈಲ್ ಅಯೋಡೈಡ್‌ಗೆ ಈ ಬೆಳ್ಳಿ ಲವಣ 58 ಮಿಲಿಗ್ರಾಂ, ಅಂದರೆ 1.5 ಪಟ್ಟು ಮೋಲ್, ಜರ್ಮೇನ್ ತುಸು ಹೆಚ್ಚು, ಪಿಡಿ2ಡಿಬಿಎ3 (ಪಲ್ಲಾಡಿಯಂ ಸಂಯುಕ್ತ) 4.6 ಮಿಲಿಗ್ರಾಂ, ದ್ರಾವಕವಾಗಿ ಒಣ ಡಿಎಂಎಫ್, ಗಾಳಿಯ ಬದಲು ಆರ್ಗಾನ್, 80 ಡಿಗ್ರಿ, ರಾತ್ರಿಯಿಡೀ. ಹಳದಿ ಸಿಲ್ವರ್ ಅಯೋಡೈಡ್ ತಳ ಹಿಡಿಯಬೇಕು, ಸೀಲೈಟ್ ಎಂಬ ಸೋಸುವ ಪುಡಿಯಲ್ಲಿ ಸೋಸಿ.

ಕ್ರಿಯೆ ಕುಂಟಿದರೆ ಫಾಸ್ಫೀನ್ (ಪಲ್ಲಾಡಿಯಂಗೆ ಅಂಟಿಕೊಳ್ಳುವ ರಂಜಕದ ಸಂಯುಕ್ತ) ಸೇರಿಸಲು ಕೈ ತುರಿಸುತ್ತದೆ. ಬೇಡ. ಇಲ್ಲಿ ದುಡಿಯುವುದು ಪಲ್ಲಾಡಿಯಂ ನ್ಯಾನೊಕಣ. ಫಾಸ್ಫೀನ್ ಬಿದ್ದರೆ ಜರ್ಮೇನ್ ಹಾಗೇ ಉಳಿಯುತ್ತದೆ.